ಇತಿಹಾಸಕ್ಕೆ ನಲವತ್ತು ನಿಮಿಷ, ಟಾಯ್ಲೆಟ್ ಸೇರಿ

ಬೆಂಗಳೂರಿನ ಒಂದು ಶಾಲೆ ಎಂಟನೇ ಕ್ಲಾಸಿನ ಮಕ್ಕಳನ್ನು ಲಂಡನ್‌ಗೆ ‘ಇತಿಹಾಸ ಅಧ್ಯಯನ ಪ್ರವಾಸ’ ಕರೆದುಕೊಂಡು ಹೋಗುತ್ತಿದೆ. ಎಂಟು ದಿನ, ಏಳು ರಾತ್ರಿ. ತಲೆಗೆ ಮೂರೂವರೆ ಲಕ್ಷ. ಜಿಎಸ್‌ಟಿ ಬೇರೆ, ಟಿಸಿಎಸ್ ಅನ್ನುವ ತೆರಿಗೆ ಬೇರೆ, ವೀಸಾ ಬೇರೆ, ಬೆನ್ನ ಮೇಲೆ ಶಾಲೆಯ ಹೆಸರು ಬರೆದಿರುವ ಜಾಕೆಟ್‌ಗೆ ಇನ್ನೂ ಬೇರೆ. ಶಾಲೆ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಶಾಲೆಗಳವರು ಬೇಜಾರು ಮಾಡಿಕೊಳ್ಳುತ್ತಾರೆ, ಅವರೂ ಹೋಗುವವರೇ ತಾನೆ.

ನಮ್ಮ ಅಣ್ಣನ ಮಗ ಅಲ್ಲಿ ಓದುತ್ತಾನೆ. ಅಣ್ಣ ಊರಲ್ಲಿ ಇರಲಿಲ್ಲ, ಹಾಗಾಗಿ ಪೋಷಕರ ಸಭೆಗೆ ನಾನು ಹೋಗಿ ಕೂತೆ. ಕೈಗೊಂದು ಹೊಳೆಯುವ ಪುಸ್ತಿಕೆ ಕೊಟ್ಟರು. ಇತಿಹಾಸ ಎಲ್ಲಿದೆ ಅಂತ ಪುಟ ತಿರುವಿದೆ.

ಮೊದಲ ದಿನ ಲಂಡನ್ ಐ. ಆ ದೊಡ್ಡ ಚಕ್ರ ಜನರಿಗೆ ತೆರೆದಿದ್ದು 2000ನೇ ಇಸವಿಯಲ್ಲಿ. ಅಂದರೆ ಆ ಸಭೆಯಲ್ಲಿ ಕೂತಿದ್ದ ಪೋಷಕರೆಲ್ಲರೂ ಅದಕ್ಕಿಂತ ಪುರಾತನರು, ನಮ್ಮನ್ನು ನೋಡುವುದಕ್ಕೆ ಟಿಕೆಟ್ ಇಲ್ಲ ಅಷ್ಟೆ. ಎರಡನೇ ದಿನ ಮಂಗಳವಾರ, ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲುಗಾರರ ಬದಲಾವಣೆ. ಅದು ವರ್ಷದ ಬಹುಪಾಲು ವಾರಕ್ಕೆ ನಾಲ್ಕೇ ದಿನ ನಡೆಯುತ್ತದೆ, ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ. ಇದನ್ನು ನಾನು ಹೇಳಿದಾಗ ಟ್ರಾವೆಲ್ಸಿನ ಹುಡುಗ ನಕ್ಕು, ‘ಅಡ್ಜಸ್ಟ್ ಮಾಡ್ತೀವಿ ಸಾರ್’ ಅಂದ. ಯಾರನ್ನು ಅಡ್ಜಸ್ಟ್ ಮಾಡುತ್ತಾನೋ, ಮಕ್ಕಳನ್ನೋ ರಾಜನನ್ನೋ, ಕೇಳಲಿಲ್ಲ. ಮೂರನೇ ದಿನ ಮೇಣದ ಗೊಂಬೆಗಳು. ನಾಲ್ಕನೇ ದಿನ ಪೂರ್ತಿ ಒಂದು ಸಿನಿಮಾ ಸ್ಟುಡಿಯೊ. ಐದನೇ ದಿನ ಊರಾಚೆ ಬಿಸೆಸ್ಟರ್‌ನಲ್ಲಿ ಬ್ರಾಂಡ್ ಬಟ್ಟೆ ಅಂಗಡಿಗಳ ಸಾಲು. ಇದರ ಎದುರಿಗೆ ‘ಅರ್ಥವ್ಯವಸ್ಥೆಯ ಇತಿಹಾಸ’ ಅಂತ ಬರೆದಿತ್ತು. ಸುಮ್ನೆ ಹೇಳುತ್ತಿಲ್ಲ, ಹಾಗೇ ಬರೆದಿತ್ತು.

ಬ್ರಿಟಿಷ್ ಮ್ಯೂಸಿಯಂ ಆರನೇ ದಿನಕ್ಕಿತ್ತು. ಒಂದು ಗಂಟೆ. ಅಲ್ಲಿ ಪ್ರದರ್ಶನಕ್ಕಿಟ್ಟಿರುವ ವಸ್ತುಗಳೇ ಸುಮಾರು 80,000. ಗಂಟೆಗೆ 3,600 ಸೆಕೆಂಡ್. ಅಂದರೆ ನಮ್ಮ ಹುಡುಗ ಸೆಕೆಂಡಿಗೆ ಇಪ್ಪತ್ತೆರಡು ವಸ್ತು ನೋಡಬೇಕು. ನೋಡುತ್ತಾನೆ ಬಿಡಿ, ಮೊಬೈಲಿನಲ್ಲಿ ರೀಲ್ಸ್ ತಳ್ಳಿ ತಳ್ಳಿ ಬೆರಳಿಗೆ ಅಭ್ಯಾಸ ಇದೆ. ಅದೇ ಮಧ್ಯಾಹ್ನ ಟವರ್ ಆಫ್ ಲಂಡನ್, ಕೊಹಿನೂರ್. ಆ ವಜ್ರ ಇರುವುದು 1937ರ ಪಟ್ಟಾಭಿಷೇಕಕ್ಕೆ ಅಂತ ಮಾಡಿಸಿದ ರಾಣಿಯ ಕಿರೀಟದಲ್ಲಿ. ಕಿರೀಟಗಳ ಮುಂದೆ ನಿಂತು ನೋಡುವ ಹಾಗಿಲ್ಲ, ಕಾಲ ಕೆಳಗಿನ ಪಟ್ಟಿಯೇ ಜನರನ್ನು ಹೊತ್ತುಕೊಂಡು ಮುಂದೆ ಸಾಗುತ್ತದೆ. ತಿರುಪತಿಯಲ್ಲಿ ‘ಜರುಗಂಡಿ ಜರುಗಂಡಿ’ ಅಂತ ತಳ್ಳುತ್ತಾರಲ್ಲ, ಅಲ್ಲಿ ಆ ಕೆಲಸವನ್ನು ಮೋಟರ್ ಮಾಡುತ್ತದೆ. ಲಡ್ಡು ಮಾತ್ರ ಇಲ್ಲ.

ನಿಜವಾದ ಇತಿಹಾಸ ಸಿಕ್ಕಿದ್ದು ಏಳನೇ ದಿನದ ಕೆಳಗೆ, ಸಣ್ಣ ಅಕ್ಷರದಲ್ಲಿ. ‘ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ: 18ನೇ ಶತಮಾನದ ಯಾಂತ್ರಿಕ ಸಂಗೀತ ಪೆಟ್ಟಿಗೆ. ನಲವತ್ತು ನಿಮಿಷ, ಟಾಯ್ಲೆಟ್ ಸೇರಿ.’

ಸಂಗೀತ ಪೆಟ್ಟಿಗೆ ಅಂದರೆ ಏನು ಅಂದುಕೊಂಡಿರಿ? ಟಿಪ್ಪುವಿನ ಹುಲಿ! ಮರದ್ದು, ಹೆಚ್ಚುಕಮ್ಮಿ ನಿಜವಾದ ಹುಲಿಯಷ್ಟೇ ದೊಡ್ಡದು. ಅಂಗಾತ ಬಿದ್ದ ಒಬ್ಬ ಬಿಳಿಯನ ಮೇಲೆ ಹತ್ತಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಡುತ್ತದೆ. ಹೊಟ್ಟೆಯೊಳಗೆ ನುಡಿಸಲಿಕ್ಕೆ ಬರುವಂಥ ಒಂದು ಪುಟ್ಟ ಆರ್ಗನ್ ಕೂಡ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯನ್ನು ಗುಡಿಸಿ ಹಾಕಿದರಲ್ಲ, ಆಗ ಸಿಕ್ಕಿದ ಮಾಲು. ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ಲಂಡನ್ನಿನ ತಮ್ಮ ಆಫೀಸಿನಲ್ಲಿಟ್ಟರು. ಪಕ್ಕದಲ್ಲೇ ಲೈಬ್ರರಿ. ನೋಡಲು ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ ಓದುತ್ತಾ ಕೂತವರಿಗೆ ತಲೆ ಕೆಟ್ಟುಹೋಗಿತ್ತಂತೆ. ಸತ್ತ ಮೇಲೂ ಟಿಪ್ಪು ಇಂಗ್ಲಿಷರ ಕಿವಿ ಬಿಟ್ಟಿರಲಿಲ್ಲ. ಆಮೇಲೆ ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಮಾಡು ಕುಸಿದು ಹುಲಿ ಚೂರುಚೂರಾಯಿತು. ಆ ಚೂರುಗಳನ್ನೆಲ್ಲ ಆಯ್ದು ಮತ್ತೆ ಜೋಡಿಸಿದರು.

ಇಷ್ಟು ಕಥೆ ಇರುವ ವಸ್ತುವಿಗೆ ‘ಯಾಂತ್ರಿಕ ಸಂಗೀತ ಪೆಟ್ಟಿಗೆ’ ಅಂತ ಯಾಕೆ ಹೆಸರಿಟ್ಟಿರಿ ಅಂತ ಕೇಳಿದೆ. ಪ್ರಿನ್ಸಿಪಾಲ್ ಮೇಡಂ ಮೈಕ್ ಕೆಳಗಿಟ್ಟರು. ದನಿ ತಗ್ಗಿಸಿದರು. ‘ಸಾರ್, ಟಿಪ್ಪು ಅಂತ ಹಾಕಿದ್ರೆ ಯಾಕೆ ತೋರಿಸ್ತೀರಿ ಅಂತ ಒಂದು ಗುಂಪು ಬರುತ್ತೆ. ಯಾಕೆ ಇಷ್ಟು ಕಮ್ಮಿ ತೋರಿಸ್ತೀರಿ ಅಂತ ಇನ್ನೊಂದು ಗುಂಪು ಬರುತ್ತೆ. ನಮಗೆ ಇರೋದು ಒಂದೇ ಗೇಟು.’

ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. 2015ರಲ್ಲಿ ಸರ್ಕಾರವೇ ಜಯಂತಿ ಶುರು ಮಾಡಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ಒಂದು ಸರ್ಕಾರದ ಪಠ್ಯದಲ್ಲಿ ಬಂದದ್ದು ಇನ್ನೊಂದರಲ್ಲಿ ಇರುತ್ತದೋ ಇಲ್ಲವೋ ಅಂತ ಮೇಷ್ಟ್ರುಗಳೇ ಜೂನ್‌ವರೆಗೆ ಕಾಯುತ್ತಾರೆ. ಮೈಸೂರಿನ ಸುಲ್ತಾನನ ಬಗ್ಗೆ ಮಕ್ಕಳ ಹತ್ತಿರ ಬಾಯಿಬಿಟ್ಟು ಮಾತಾಡಬೇಕು ಅಂದರೆ ಈಗ ಸುರಕ್ಷಿತ ಜಾಗ ಅವನನ್ನು ಕೊಂದವರ ರಾಜಧಾನಿ. ಅಲ್ಲೂ ಹೆಸರು ಹೇಳುವ ಹಾಗಿಲ್ಲ, ಸಂಗೀತ ಪೆಟ್ಟಿಗೆ ಅನ್ನಬೇಕು.

ಬಸವಣ್ಣನವರೂ ಪಟ್ಟಿಯಲ್ಲಿದ್ದರು. ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ ಅವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದರು. ಕನ್ನಡದ ಮಕ್ಕಳು ಇಳಿದು ಕೈಮುಗಿದು ಒಂದೈದು ನಿಮಿಷ ನಿಲ್ಲಬಹುದಾದ ಜಾಗ. ಪುಸ್ತಿಕೆಯಲ್ಲಿ ‘ಬಸ್ಸಿನಿಂದ ದರ್ಶನ’ ಅಂತಿತ್ತು. ಅಲ್ಲಿ ಪಾರ್ಕಿಂಗ್ ಕಷ್ಟವಂತೆ. ಪ್ರತಿಮೆ ಸ್ಥಾವರ, ಬಸ್ಸು ಜಂಗಮ. ನಿಲ್ಲುವುದು ಶರಣ ತತ್ವಕ್ಕೂ ವಿರುದ್ಧ ಅಂತ ಸಮಾಧಾನ ಮಾಡಿಕೊಂಡೆ.

ಇನ್ನು ವೀಸಾ. ಇದಕ್ಕೇ ಸಭೆಯ ಮುಕ್ಕಾಲು ಪಾಲು ಹೋಯಿತು. ಹದಿಮೂರು ವರ್ಷದ ಮಗು ಲಂಡನ್ ನೋಡಿಕೊಂಡು ವಾಪಸ್ ಬಂದೇ ಬರುತ್ತದೆ ಅನ್ನುವುದನ್ನು ಸಾಬೀತು ಮಾಡಬೇಕಲ್ಲ. ಅದಕ್ಕೆ ಅಪ್ಪನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಸಂಬಳದ ಚೀಟಿ, ಅಮ್ಮನ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರ, ಶಾಲೆಯ ಎನ್‌ಒಸಿ, ಮತ್ತೆ ಬೆರಳಚ್ಚು. ನಮ್ಮ ಕಡೆಯವರ ಹೆಸರಿನ ಗೋಳು ನಿಮಗೆ ಗೊತ್ತೇ ಇದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಹಿಂದೆ ‘ಕೆ.ಎನ್.’, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮು, ಅಮ್ಮನ ಆಧಾರ್‌ನಲ್ಲಿ ಊರಿನ ಹೆಸರು. ಮೂವರೂ ಒಂದೇ ಮನೆಯವರು ಅಂತ ಯಾವ ಕಾಗದವೂ ಒಪ್ಪುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ‘ಕೆ ಅಂದ್ರೆ ಕೊಳ್ಳೇಗಾಲ ಮೇಡಂ, ಅದನ್ನ ಇಂಗ್ಲೆಂಡ್‌ನವರಿಗೆ ಹೆಂಗೆ ಹೇಳೋದು?’ ಅಂತ ಕೇಳುತ್ತಿದ್ದರು. ಅವರಿಗೆ ಅಫಿಡವಿಟ್ ಮಾಡಿಸಿ ಅಂದರು.

ನಾನು ಹುಲಿಯ ಬಗ್ಗೆಯೇ ಯೋಚಿಸುತ್ತಿದ್ದೆ. ಅದು ಹೋಗುವಾಗ ಯಾರಾದರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದರಾ? ವಾಪಸ್ ಬರುತ್ತೀಯಾ ಅಂತ ಕೇಳಿದ್ದರಾ? ಇನ್ನೂರು ವರ್ಷ ದಾಟಿತು, ಅಲ್ಲೇ ಇದೆ. ಅವಧಿ ಮೀರಿ ಉಳಿದುಕೊಂಡದ್ದಕ್ಕೆ ಒಂದು ನೋಟಿಸೂ ಬಂದಿಲ್ಲ. ಆದರೆ ಅದನ್ನು ನಲವತ್ತು ನಿಮಿಷ ನೋಡಿ ಬರುತ್ತೇನೆ ಅನ್ನುವ ಹುಡುಗ ಹತ್ತೂ ಬೆರಳು ಒತ್ತಬೇಕು. ಕೊಳ್ಳೇಗಾಲದ ಅಜ್ಜಿ ಮನೆಯ ತುಪ್ಪವನ್ನೂ ಕೊಂಡೊಯ್ಯುವ ಹಾಗಿಲ್ಲ, ನಮ್ಮ ಕಡೆಯಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯುವುದಕ್ಕೆ ಅಲ್ಲಿ ನಿಷೇಧ. ಹುಲಿ ನಡೆಯುತ್ತದೆ, ತುಪ್ಪ ನಡೆಯುವುದಿಲ್ಲ.

ಇದರ ಉಲ್ಟಾ ವ್ಯವಹಾರವೂ ಆಗಿದೆ ಅನ್ನಿ. 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಒಂದು ಕತ್ತಿಯನ್ನು ನಮ್ಮ ವಿಜಯ್ ಮಲ್ಯ ಕೊಂಡರು. 2016ರಲ್ಲಿ ಅವರೇ ಆ ಕಡೆ ಹೋದರು. ಟಿಪ್ಪುವಿನ ಇನ್ನೊಂದು ಕತ್ತಿ 2023ರಲ್ಲಿ ಲಂಡನ್ನಿನಲ್ಲೇ 1.4 ಕೋಟಿ ಪೌಂಡ್‌ಗೆ ಹರಾಜಾಯಿತು.

ಸಭೆಯಲ್ಲಿ ಇತಿಹಾಸದ ಮೇಷ್ಟ್ರು ಕೊನೆಯ ಸಾಲಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದರು. ಹತ್ತು ಮಕ್ಕಳಿಗೆ ಒಬ್ಬರಂತೆ ಶಾಲೆಯವರಿಗೆ ಪುಕ್ಕಟೆ ಸೀಟು ಇದೆ. ಆ ಸೀಟುಗಳಲ್ಲಿ ಪ್ರವಾಸದ ಕೋ-ಆರ್ಡಿನೇಟರ್, ಪಿಟಿ ಮೇಷ್ಟ್ರು, ಫೋಟೊ ತೆಗೆದು ಶಾಲೆಯ ಇನ್‌ಸ್ಟಾಗ್ರಾಮಿಗೆ ಹಾಕುವವರು, ಮತ್ತೆ ಆಡಳಿತ ಮಂಡಳಿಯವರ ಮನೆಯವರು ಹೋಗುತ್ತಿದ್ದಾರೆ. ಯಾರೋ ಕೇಳಿದರು, ‘ಹಿಸ್ಟರಿ ಮೇಷ್ಟ್ರು ಬರಲ್ವಾ ಮೇಡಂ?’

‘ಅವರಿಗೆ ಹತ್ತನೇ ಕ್ಲಾಸಿನ ಪೋರ್ಷನ್ ಬಾಕಿ ಇದೆ ಸಾರ್. ಆದ್ರೆ ವರ್ಕ್‌ಶೀಟ್ ಅವರೇ ಮಾಡಿಕೊಟ್ಟಿದ್ದಾರೆ.’

ವರ್ಕ್‌ಶೀಟ್ ನೋಡಿದೆ. ‘ಲಂಡನ್ ನಗರವು ____ ನದಿಯ ದಡದಲ್ಲಿದೆ.’ ಮೇಷ್ಟ್ರು ಮೊದಲು ಬರೆದುಕೊಟ್ಟಿದ್ದ ಪ್ರಶ್ನೆಗಳೇ ಬೇರೆಯಂತೆ, ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು. ಹುಲಿ ಲಂಡನ್‌ಗೆ ಹೇಗೆ ಬಂತು, ಆ ಬಿದ್ದಿರುವ ಮನುಷ್ಯ ಯಾರಿರಬಹುದು, ಇದನ್ನು ಮಾಡಿಸಿದವನಿಗೆ ಇಂಗ್ಲಿಷರ ಮೇಲೆ ಯಾಕೆ ಅಷ್ಟು ಸಿಟ್ಟು ಇತ್ತು, ಅವನ ಮೇಲೆ ಸಿಟ್ಟಿದ್ದವರು ಯಾರು, ಅವರಿಗೆ ಕಾರಣವೇನು, ಈಗ ಇದು ಯಾರಿಗೆ ಸೇರಬೇಕು. ಇದಕ್ಕೆಲ್ಲ ಒಂದೇ ಉತ್ತರ ಇರುವುದಿಲ್ಲ, ತಿದ್ದುವುದು ಕಷ್ಟ ಅಂತ ವಾಪಸ್ ಕಳಿಸಿದರಂತೆ.

ಹಿಂದಿನಿಂದ ಒಬ್ಬ ಅಜ್ಜ ಎದ್ದು ನಿಂತರು. ಮೊಮ್ಮಗಳ ಪರವಾಗಿ ಬಂದಿದ್ದವರು. ‘ಅಮ್ಮಾ, ಅಷ್ಟು ದೂರ ಹೋಗೋಕ್ಕೆ ಮುಂಚೆ ಮಕ್ಕಳನ್ನ ಒಂದು ಸಲ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಬಹುದಲ್ವಾ? ಬೆಳಿಗ್ಗೆ ಹೋದ್ರೆ ಸಂಜೆ ವಾಪಸ್ಸು.’

‘ಅದು ಎರಡನೇ ಕ್ಲಾಸಲ್ಲೇ ಆಗಿದೆ ಸಾರ್’ ಅಂದರು ಕೋ-ಆರ್ಡಿನೇಟರ್.

ಮನೆಗೆ ಬಂದು ಹುಡುಗನನ್ನು ಕೇಳಿದೆ. ನೆನಪಿದೆಯಂತೆ. ಮದ್ದೂರಿನಲ್ಲಿ ವಡೆ ತಿಂದಿದ್ದು, ಒಬ್ಬಳು ಬಸ್ಸಿನಲ್ಲಿ ವಾಂತಿ ಮಾಡಿದ್ದು, ಸಂಗಮದಲ್ಲಿ ನೀರಿಗೆ ಇಳಿಯಬೇಡಿ ಅಂತ ಮಿಸ್ ಕಿರುಚಿದ್ದು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ನೋಡಿದೆಯಾ ಅಂದೆ. ಇಲ್ಲ, ಅಷ್ಟು ಹೊತ್ತಿಗೆ ಲೇಟಾಗಿತ್ತಂತೆ. ಆ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಸೋಲುತ್ತಿರುವ ಇಂಗ್ಲಿಷ್ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ, ಸುತ್ತ ಕೆಂಪು ಕೋಟಿನ ಸಿಪಾಯಿಗಳು, ಅವರ ಸುತ್ತ ಹೈದರ್ ಮತ್ತು ಟಿಪ್ಪುವಿನ ಕುದುರೆ ಸವಾರರು. ಈ ಗೋಡೆ ನೋಡಿದ ಮಗುವಿಗೆ ಲಂಡನ್ನಿನ ಹುಲಿ ಯಾಕೆ ಹಾಗೆ ಬಾಯಿ ಹಾಕಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೋಡದ ಮಗುವಿಗೆ ಅದು ಒಂದು ದೊಡ್ಡ ಆಟಿಕೆ.

ಆದರೆ ಶ್ರೀರಂಗಪಟ್ಟಣಕ್ಕೂ ಈಗ ಯಾರಿಗೂ ತೊಂದರೆ ಕೊಡುವ ಇಷ್ಟ ಇಲ್ಲ. ಇಂಗ್ಲಿಷರು ಒಂದು ತಿಂಗಳು ಮುತ್ತಿಗೆ ಹಾಕಿ ಹಿಡಿದ ಊರು ಅದು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಊರಿಗೆ ಕಾಲಿಡದೆ ಹೊರಗಿನಿಂದಲೇ ಮೈಸೂರಿಗೆ ಹಾದುಹೋಗಬಹುದು. ಟಿಪ್ಪುವಿನ ಕಾಲದ ಮದ್ದುಗುಂಡಿನ ಮನೆಯೊಂದು ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಆಚೆ ಇಟ್ಟರು. ಕೆಡವಲಿಲ್ಲವಲ್ಲ, ಅದಕ್ಕೆ ರೈಲ್ವೆಯವರಿಗೆ ಕೈಮುಗಿಯಬೇಕು. ಜರುಗಿಸುವುದು ಲಂಡನ್ನಿಗೆ ಮಾತ್ರ ಬರುವ ವಿದ್ಯೆಯಲ್ಲ.

ಕೊನೆಗೆ ಒಪ್ಪಿಗೆ ಪತ್ರ ಕೊಟ್ಟರು. ಮೂರು ಪುಟ. ಎರಡನೇ ಪುಟದಲ್ಲಿ, ಯಾವುದೇ ಕಾರಣಕ್ಕೆ ವೀಸಾ ಸಿಗದೆ ಹೋದರೂ ಕಟ್ಟಿದ ಹಣ ಹಿಂದಿರುಗಿಸುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಬ್ರಿಟಿಷ್ ಮ್ಯೂಸಿಯಂಗೆ 1963ರ ಒಂದು ಕಾಯ್ದೆ ಇದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ 1983ರ ಇನ್ನೊಂದು. ಯಾರು ಬಂದು ತಮ್ಮ ವಸ್ತು ಕೇಳಿದರೂ, ಕೊಡುವ ಮನಸ್ಸು ನಮಗಿದೆ, ಏನು ಮಾಡುವುದು, ಕಾನೂನು ಬಿಡುವುದಿಲ್ಲ ಅಂತ ಹೇಳಿ ಕಳಿಸಲಿಕ್ಕೆ ಅವೆರಡೂ ಅನುಕೂಲ. ನಮ್ಮ ಶಾಲೆಯವರು ಪ್ರವಾಸಕ್ಕೆ ಮೊದಲೇ ಇವನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ.

ಎರಡನೇ ಕಂತಿಗೆ ಸೋಮವಾರ ಕೊನೆಯ ದಿನ. ಗೂಗಲ್ ಪೇ ನಡೆಯುವುದಿಲ್ಲವಂತೆ, ಡಿಡಿಯೇ ಬೇಕಂತೆ.