ಕಸಿ ಮಾಡಿದ ಕೂದಲು ಉದುರಿದರೆ ಕಸಿ ವಿಫಲವಾದಂತಲ್ಲ

‘ಕೂದಲು ಕಸಿ ಮಾಡಿಸಿದ ತಿಂಗಳೊಳಗೆ ಹೊಸ ಕೂದಲು ಉದುರಿದರೆ ಆಪರೇಷನ್ ಫೇಲ್, ದುಡ್ಡು ನೀರುಪಾಲು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಎಷ್ಟೋ ಜನ ನಿದ್ದೆಗೆಡುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಎರಡನೇ ವಾರದಿಂದ ಎಂಟನೇ ವಾರದೊಳಗೆ ನೆಟ್ಟ ಕೂದಲಿನ ಬಹುಪಾಲು ಉದುರುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ಗಿಡ್ಡ ಕೂದಲು, ಅದರ ತುದಿಯಲ್ಲೊಂದು ಪುಟ್ಟ ಬಿಳಿ ಗಂಟು ಕಂಡಾಗ ಬೇರೇ ಕಿತ್ತುಬಂತೆಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ಬಿದ್ದದ್ದು ಕೂದಲಿನ ಎಳೆ ಮಾತ್ರ. ಅದನ್ನು ಹುಟ್ಟಿಸುವ ಕೋಶ ಚರ್ಮದೊಳಗೇ ಇದ್ದು, ಕೆಲಕಾಲ ವಿಶ್ರಾಂತಿಗೆ ಜಾರಿರುತ್ತದೆ. ಮೂರು-ನಾಲ್ಕು ತಿಂಗಳಿಗೆ ನವಿರಾದ ಎಳೆಗಳು ಮೂಡುತ್ತವೆ. ಪೂರ್ತಿ ಫಲಿತಾಂಶಕ್ಕೆ 12 ತಿಂಗಳು ಬೇಕು; ನೆತ್ತಿಯ ಭಾಗಕ್ಕೆ ಕೆಲವೊಮ್ಮೆ 18.

ನಿಜಕ್ಕೂ ಜೋಪಾನ ಮಾಡಬೇಕಾದದ್ದು ಮೊದಲ ಹತ್ತು ದಿನ. ಗಾಯದ ಹಕ್ಕಳೆ ಕೀಳಬೇಡಿ, ಕೆರೆಯಬೇಡಿ. ಕೀವು, ಜ್ವರ, ಹೆಚ್ಚುತ್ತಲೇ ಹೋಗುವ ನೋವು ಕಂಡರೆ ಕಾಯದೆ ವೈದ್ಯರನ್ನು ಕಾಣಿ.

‘ಒಮ್ಮೆ ಮಾಡಿಸಿದರೆ ಬೋಳು ಜನ್ಮಕ್ಕೂ ಬರುವುದಿಲ್ಲ’ ಎಂಬ ಅದೇ ಸಂದೇಶದ ಇನ್ನೊಂದು ಸಾಲೂ ಸರಿಯಲ್ಲ. ತಲೆಯ ಹಿಂಭಾಗದಿಂದ ತಂದ ಕೂದಲು ಹೊಸ ಜಾಗದಲ್ಲೂ ಸುಲಭಕ್ಕೆ ಬೋಳಾಗದ ತನ್ನ ಗುಣ ಉಳಿಸಿಕೊಳ್ಳುತ್ತದೆ. ಅಮೆರಿಕದ ಚರ್ಮವೈದ್ಯ ನಾರ್ಮನ್ ಒರೆಂಟ್ರೀಚ್ 1959ರಲ್ಲೇ ಇದನ್ನು ಪ್ರಕಟಿಸಿದ್ದರು. ಅದರ ಅಕ್ಕಪಕ್ಕದ ಹಳೆಯ ಕೂದಲು ಮಾತ್ರ ಉದುರುತ್ತಲೇ ಹೋಗಬಹುದು. ಹಿಂಭಾಗದಲ್ಲಿ ತೆಗೆದ ಕಡೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಹದಿಹರೆಯದ ದಟ್ಟಣೆಯನ್ನು ಯಾರೂ ಮರಳಿ ಕೊಡಲಾರರು.