ಫ್ಯಾಸಿಸಂ ಎಡಪಂಥವೇ? ಒಂದು ಸ್ಪಷ್ಟನೆ

ಉಡುಪಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಮುಸೊಲಿನಿ ಸಮಾಜವಾದಿಯಾಗಿದ್ದ, ಹಿಟ್ಲರನ ಪಕ್ಷದ ಹೆಸರಿನಲ್ಲೂ ಸಮಾಜವಾದವಿತ್ತು, ಆದ್ದರಿಂದ ಫ್ಯಾಸಿಸಂ ಎಡಪಂಥ.’ ಮೊದಲ ಎರಡು ಮಾತು ಸುಳ್ಳಲ್ಲ. ತೀರ್ಮಾನ ತಪ್ಪು.

ಇಟಲಿಯಲ್ಲಿ ಫ್ಯಾಸಿಸಂ ಕಟ್ಟಿದ ಮುಸೊಲಿನಿ ಮೊದಲು ಸಮಾಜವಾದಿ ಪತ್ರಿಕೆಯ ಸಂಪಾದಕನಾಗಿದ್ದ, ನಿಜ. ಆದರೆ ಇಟಲಿ ಮೊದಲ ಮಹಾಯುದ್ಧಕ್ಕಿಳಿಯಬೇಕೆಂದು ವಾದಿಸಿದ್ದಕ್ಕೆ 1914ರಲ್ಲಿ ಪಕ್ಷ ಅವನನ್ನು ಉಚ್ಚಾಟಿಸಿತು. ಅನಂತರ ಅವನ ಕಪ್ಪಂಗಿ ಪಡೆ (ಕಪ್ಪು ಅಂಗಿ ತೊಟ್ಟ ಫ್ಯಾಸಿಸ್ಟ್ ದಳ) ಸುಟ್ಟದ್ದು ಸಮಾಜವಾದಿಗಳ ಕಚೇರಿಗಳನ್ನು, ಬಡಿದದ್ದು ಕೃಷಿಕಾರ್ಮಿಕರ ಸಂಘದವರನ್ನು. ಉತ್ತರ ಇಟಲಿಯ ಪೋ ಕಣಿವೆಯ ಜಮೀನ್ದಾರರು ಅದಕ್ಕೆ ಹಣ ಒದಗಿಸಿದರು. 1921ರಲ್ಲಿ ಸಂಸತ್ತಿಗೆ ಬಂದಾಗ ಅವನು ಕುಳಿತದ್ದು ಬಲತುದಿಯ ಆಸನಗಳಲ್ಲಿ. ಎಡ, ಬಲ ಎಂಬ ಮಾತು ಹುಟ್ಟಿದ್ದೇ 1789ರ ಫ್ರಾನ್ಸಿನ ಸಭೆಯ ಆಸನಗಳಿಂದ. ಇದಕ್ಕಿಂತ ನೇರ ಸಾಕ್ಷಿ ಬೇಕೇ?

ಇನ್ನು ಹೆಸರಿನ ಮಾತು. ಗೋಳಿಬಜೆಯಲ್ಲಿ ಗೋಳಿಹಣ್ಣು ಹುಡುಕುವವರುಂಟೇ? 1933ರ ಮೇ 2ರಂದು ಹಿಟ್ಲರನ ಪಕ್ಷದವರಾದ ನಾಜಿಗಳು ಕಾರ್ಮಿಕ ಸಂಘಗಳ ಕಚೇರಿಗಳನ್ನು ವಶಪಡಿಸಿಕೊಂಡರು. ಅವರ ದಾಖೌ ಸೆರೆಶಿಬಿರದ ಮೊದಲ ಕೈದಿಗಳು ಕಮ್ಯುನಿಸ್ಟರು.

ಇಬ್ಬರ ಆಡಳಿತದಲ್ಲೂ ಆರ್ಥಿಕತೆಯ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಕಾರ್ಖಾನೆಗಳು ಬಹುಪಾಲು ಮಾಲೀಕರ ಕೈಯಲ್ಲೇ ಉಳಿದವು, ನಿಷೇಧವಾದದ್ದು ಮುಷ್ಕರ.