ಅಮ್ಮನ ಶುಗರು, ನಮ್ಮ ಸಿಸಿಟಿವಿ

ನಾನು ಇಂಗ್ಲೆಂಡಿನ ಲೀಡ್ಸಿಗೆ ಬಂದು ಹನ್ನೊಂದು ವರ್ಷ ಆಯ್ತು. ಅಮ್ಮ ಬ್ರಹ್ಮಾವರದ ಹತ್ರ ಮನೆಯಲ್ಲಿ ಒಬ್ಳೇ, ತಂಗಿ ದುಬೈಯಲ್ಲಿ. ಹೋದ ಸಲ ಊರಿಗೆ ಹೋದಾಗ ನಾನು ಮಾಡಿದ ಘನಂದಾರಿ ಕೆಲ್ಸ ಅಂದ್ರೆ ಮನೆಗೆ ಮೂರು ಸಿಸಿಟಿವಿ ಹಾಕ್ಸಿದ್ದು. ಈಗ ಇಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಲ್ಲಿ ಫೋನ್ ತೆಗ್ದು ನೋಡಿದ್ರೆ ಅಲ್ಲಿ ಮೂರೂವರೆ, ಅಮ್ಮ ಚಾವಡಿಯಲ್ಲಿ ಕೂತು ಚಾಕ್ಕೆ ಮಾರಿ ಬಿಸ್ಕೆಟ್ ಅದ್ದಿ ತಿನ್ನುದು ಕಾಣ್ತದೆ. ರಾತ್ರಿ ಊಟಕ್ಕೂ ಸುಮಾರು ದಿನ ಅದೇ. ಕೇಳಿದ್ರೆ "ಒಬ್ಳಿಗೆ ಎಂತ ಅಡಿಗೆ ಮಾಡುದು ಮಗಾ" ಅಂತಾಳೆ. ಭಾನುವಾರದ ಸಾಂಬಾರು ಫ್ರಿಜ್ಜಲ್ಲಿ ಬುಧವಾರದ ತನಕ ಉಂಟು.

ಹೆಚ್‌ಬಿಎ1ಸಿ, ಅಂದ್ರೆ ಅಮ್ಮನ ಮೂರು ತಿಂಗ್ಳ ಶುಗರಿನ ಸರಾಸರಿ, 7.8 ಬಂತು. ಉಡುಪಿಯಲ್ಲಿ ಒಬ್ರು ಡಾಕ್ಟ್ರಿಗೆ ತೋರಿಸಿದ್ದು, ಎರಡು ಗಂಟೆ ಕಾದು ಎರಡು ನಿಮಿಷ ಮಾತು: ಅನ್ನ ಕಮ್ಮಿ ಮಾಡಿ, ವಾಕಿಂಗ್ ಮಾಡಿ, ಈ ಮಾತ್ರೆ ತಗೊಳ್ಳಿ. ತಪ್ಪೇನಿಲ್ಲ, ಹೊರಗೆ ಐವತ್ತು ಜನ ಕೂತಿದ್ದಾರೆ, ಅವ್ರಾದ್ರೂ ಎಂತ ಮಾಡುದು. ಆದ್ರೆ ಯಾರೊಟ್ಟಿಗೆ ಊಟ ಮಾಡ್ತೀರಿ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳಿರ್ಲಿಲ್ಲ ಬಿಡಿ.

ಒಂಟಿತನಕ್ಕೂ ಶುಗರಿಗೂ ಎಂತ ಸಂಬಂಧ ಅಂತ ನಂಗೂ ಅನ್ಸಿತ್ತು, ಮತ್ತೆ ಓದ್ತಾ ಹೋದೆ. ನಾರ್ವೆಯಲ್ಲಿ 24 ಸಾವಿರದಷ್ಟು ಜನರನ್ನ ಇಪ್ಪತ್ತು ವರ್ಷ ಗಮನಿಸಿದ್ದಾರೆ, 2022ರಲ್ಲಿ ಪ್ರಕಟ ಆಯ್ತು. ಶುರುವಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಕಳೆದ ಎರಡು ವಾರದಲ್ಲಿ ನಿಮ್ಗೆ ಒಂಟಿ ಅನ್ಸಿದೆಯಾ ಅಂತ. ತುಂಬಾ ಅನ್ಸಿದೆ ಅಂದವ್ರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ, ಇಲ್ಲ ಅಂದವ್ರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಇಂಗ್ಲೆಂಡಿನಲ್ಲೂ 50 ದಾಟಿದ 4,112 ಜನರನ್ನ ಹನ್ನೆರಡು ವರ್ಷ ನೋಡಿದ್ದಾರೆ, ಅದ್ರಲ್ಲಿ 264 ಜನಕ್ಕೆ ಶುಗರು ಬಂತು, ಅಲ್ಲೂ ಒಂಟಿತನ ಹೇಳಿಕೊಂಡವ್ರಿಗೇ ಅಪಾಯ ಜಾಸ್ತಿ. ನನ್ನ ತಲೆಯಲ್ಲಿ ಉಳಿದದ್ದು ಬೇರೆ: ಒಬ್ರೇ ವಾಸ ಮಾಡುದಕ್ಕೂ ಶುಗರಿಗೂ ಅಲ್ಲಿ ಸಂಬಂಧ ಕಾಣ್ಲಿಲ್ಲ. ಮನೆಯಲ್ಲಿ ಎಷ್ಟು ತಲೆ ಉಂಟು ಅನ್ನುದಲ್ಲ, ನಂಗೆ ಯಾರೂ ಇಲ್ಲ ಅಂತ ಅನ್ಸುದೇ ವಿಷಯ. ಹಾಗೆ ಅನ್ಸಿಕೊಂಡೇ ವರ್ಷಗಟ್ಲೆ ಇದ್ರೆ ದೇಹ ಯಾವಾಗ್ಲೂ ಏನೋ ಗಂಡಾಂತರ ಬಂದ ಹಾಗೆ ಇರ್ತದೆ, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರ್ಬಹುದು, ಅದು ಲಿವರಿನಿಂದ ಸಕ್ಕರೆ ಬಿಡಿಸ್ತದೆ, ದೇಹ ಇನ್ಸುಲಿನ್ ಮಾತನ್ನ ಕೇಳದ ಹಾಗೆ ಮಾಡ್ತದೆ, ಮೇಲಿಂದ ಸರಿ ನಿದ್ರೆ ಇಲ್ಲ, ನಡೆಯುದಿಲ್ಲ, ಊಟದ ಬದ್ಲು ಬಿಸ್ಕೆಟ್. ಒಂಟಿತನವೇ ಶುಗರು ತರ್ತದೆ ಅಂತ ಇದ್ರಿಂದ ಸಾಬೀತಾಗುದಿಲ್ಲ, ಅದೂ ಸತ್ಯ.

ಇಲ್ಲಿ ನನ್ನ ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತೆಂಟು, ಹೆಂಡತಿ ತೀರಿಕೊಂಡು ಆರು ವರ್ಷ. ಅವ್ರ ಡಾಕ್ಟರ ಕ್ಲಿನಿಕ್ಕಲ್ಲಿ ಲಿಂಕ್ ವರ್ಕರ್ ಅಂತ ಒಬ್ರಿದ್ದಾರೆ, ಮಾತ್ರೆ ಕೊಡುವವ್ರಲ್ಲ, ಕೂತು ಮಾತಾಡಿ ಯಾವ್ದಾದ್ರೂ ಗುಂಪಿಗೆ ಸೇರಿಸುವವ್ರು. ಅಜ್ಜನನ್ನ ತರಕಾರಿ ಬೆಳೆಸುವ ಗುಂಪಿಗೆ ಹಾಕಿದ್ರು, ಈಗ ಮಂಗಳವಾರ ಬಂದ್ರೆ ಮಳೆಯಾದ್ರೂ ಗಂಬೂಟು ಹಾಕಿ ಹೊರಡ್ತಾರೆ. ಗೆಳೆತನಕ್ಕೂ ಡಾಕ್ಟ್ರ ಚೀಟಿ ಬೇಕಾ, ನಮ್ಮೂರಲ್ಲಾದ್ರೆ ದಾರಿಯಲ್ಲಿ ಹೋಗುವವ್ರೇ ಒಳಗೆ ಬಂದು ಕೂರ್ತಾರಲ್ಲ ಅಂತ ನಾನು ನಗಾಡಿದ್ದೆ.

ಆ ನಮ್ಮೂರು ಈಗ ಎಲ್ಲಿ ಉಂಟು ಮಾರಾಯ್ರೆ. ಅಮ್ಮ ಮೊದ್ಲು ಬೀಡಿ ಕಟ್ತಾ ಇದ್ಲು. ಮಧ್ಯಾಹ್ನ ನಾಲ್ಕು ಹೆಂಗಸ್ರು ನಮ್ಮ ಜಗಲಿಯಲ್ಲೇ, ತಡ್ಪೆ (ಮೊರ) ತೊಡೆ ಮೇಲೆ, ಕೈ ಅದ್ರಷ್ಟಕ್ಕೆ ಎಲೆ ಸುತ್ತಿಕೊಂಡು ಬಾಯಿ ಅದ್ರಷ್ಟಕ್ಕೆ ಊರ ಸುದ್ದಿ, ಮತ್ತೆ ಒಟ್ಟಿಗೆ ಬೀಡಿ ಕಂಪನಿಯ ಬ್ರಾಂಚಿಗೆ ನಡೆದು ಹೋಗಿ ಬೀಡಿ ಕೊಟ್ಟು ಬರುದು. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮಿದ್ದೂ ನೆನಪುಂಟು, ಆ ಕೆಲ್ಸವನ್ನ ಹೊಗಳ್ತಾ ಇಲ್ಲ. ಆದ್ರೆ ಅದು ನಿಂತಾಗ ಸಂಬಳದ ಒಟ್ಟಿಗೆ ಆ ನಾಲ್ಕು ಜನವೂ ಹೋದ್ರು ಅಂತ ನಾವ್ಯಾರೂ ಲೆಕ್ಕ ಹಾಕ್ಲಿಲ್ಲ. ಒಬ್ರು ಮಗನೊಟ್ಟಿಗೆ ಬೆಂಗಳೂರು, ಒಬ್ರು ಮುಂಬೈ, ಒಬ್ರು ಇಲ್ಲ, ಇನ್ನೊಬ್ರು ಎದುರು ಮನೆಯಲ್ಲೇ ಉಂಟು, ಆದ್ರೆ ಮೊಣಕಾಲು ನೋವು, ನಡುವೆ ಹೆದ್ದಾರಿ, ದಾಟ್ಲಿಕ್ಕೆ ಆಗುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಲೆಕ್ಕದಲ್ಲಿ ದೇಶದಲ್ಲಿ ಶುಗರಿನವ್ರು 10 ಕೋಟಿ ದಾಟಿದ್ದಾರೆ. ನಮ್ಮಲ್ಲಿ ಬೇಜಾರು ಅಂತ ಅಮ್ಮ ಯಾರ ಹತ್ರ ಹೇಳುದು? "ಮಕ್ಳಿಬ್ರೂ ಫಾರಿನ್, ನಿಮ್ಗೆಂತ ಕಮ್ಮಿ" ಅಂತ ಕೇಳ್ತಾರೆ, ಹೇಳಿದ್ರೆ ಮಕ್ಳ ಮರ್ಯಾದೆ ಹೋಗ್ತದೆ. ಆ ನಾರ್ವೆಯ ಒಂದು ಪ್ರಶ್ನೆಗೆ ಮೆಷೀನು ಬೇಡ, ಸ್ಟ್ರಿಪ್ಪು ಬೇಡ. ಡಾಕ್ಟ್ರಿಗೆ ಪುರುಸೊತ್ತಿಲ್ಲದಿದ್ರೆ ಹೊರಗೆ ಬಿಪಿ ನೋಡುವ ನರ್ಸು ಕೇಳ್ಬಹುದು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಕೇಳ್ಬಹುದು (ಅವ್ರಿಗೆ ಮೊದ್ಲು ಸರಿಯಾಗಿ ದುಡ್ಡು ಕೊಡ್ಬೇಕು, ಅದು ಬೇರೆ ಜಗಳ). ಮುಂದೆ ಸೇರಿಸ್ಲಿಕ್ಕೆ ಭಜನಾ ಮಂದಿರ, ಮಹಿಳಾ ಮಂಡಲ ಎಲ್ಲ ಹೇಗೂ ಉಂಟು.

ಮಳೆಗಾಲದಲ್ಲಿ ಚಿಕ್ಕಮ್ಮ ಬಂದು ಎರಡು ತಿಂಗ್ಳು ಉಳಿದ್ಲು. ಗಂಜಿ, ಹುರುಳಿ ಸಾರು, ಪಲ್ಯ ಎಲ್ಲ ಶುರುವಾಯ್ತು, ಸಂಜೆ ಇಬ್ರೂ ದೇವಸ್ಥಾನದ ತನಕ ನಡೆಯುದು. ಬೆಳಗ್ಗಿನ ಖಾಲಿ ಹೊಟ್ಟೆಯ ಶುಗರು 180ರಿಂದ 140ಕ್ಕೆ ಬಂತು. ಅದೇ ಹೊತ್ತಿಗೆ ಮಾತ್ರೆಯೂ ಬದ್ಲಾಗಿತ್ತು, ಹಾಗಾಗಿ ಚಿಕ್ಕಮ್ಮನಿಗೇ ಪೂರ್ತಿ ಮಾರ್ಕು ಕೊಡ್ಲಿಕ್ಕೆ ಆಗುದಿಲ್ಲ.

ಮೊನ್ನೆ ಫೋನಲ್ಲಿ ಕೊನೆಗೂ ಕೇಳಿದೆ, ಅಮ್ಮ ನಿಂಗೆ ಒಬ್ಳೇ ಅಂತ ಅನ್ಸ್ತದಾ ಅಂತ. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ "ಎಂತಕೆ, ಕ್ಯಾಮರಾ ಹಾಳಾಗಿದ್ಯಾ?" ಅಂದ್ಲು.